ನೆನಪು ಯಂತ್ರದ ಒಳಗೋ, ಹೊರಗೋ?

(ಬಾನುಲಿ ಭಾಷಣ)

ವಿಡಿಯೊ ಕ್ಯಾಮೆರಾ ಮಾಡುವ ಕೆಲಸಗಳು ಎರಡು. ಒಂದು ಕಣ್ಣಿನ ಕೆಲಸ, ಇನ್ನೊಂದು ನೆನಪಿನ ಕೆಲಸ. ಕಣ್ಣಿನ ಕೆಲಸವನ್ನು ಕುರಿತು ಅಂಗಡಿಯವರು ಬೇಕಾದಷ್ಟು ಹೇಳುತ್ತಾರೆ. ಮಸೂರ ಎಂಥದು, ದೂರದ್ದನ್ನು ಎಷ್ಟು ಹತ್ತಿರಕ್ಕೆ ತರುತ್ತದೆ, ಮಂದ ಬೆಳಕಿನಲ್ಲಿ ಮುಖ ಎಷ್ಟು ತಿಳಿಯಾಗಿ ಮೂಡುತ್ತದೆ, ಇತ್ಯಾದಿ. ಕಂಡದ್ದನ್ನು ಆ ಯಂತ್ರ ಎಲ್ಲಿ ಇಟ್ಟುಕೊಳ್ಳುತ್ತದೆ ಎಂಬುದನ್ನು ಮಾತ್ರ ಕೊಳ್ಳುವವನು ಕೇಳುವುದಿಲ್ಲ, ಮಾರುವವನು ಹೇಳುವುದಿಲ್ಲ. ತನ್ನ ಹೊಟ್ಟೆಯೊಳಗೆ ಬಿಚ್ಚಲಾಗದಂತೆ ಕೂರಿಸಿದ ತಟ್ಟೆಯ ಮೇಲೆ ಬರೆದುಕೊಳ್ಳುತ್ತದೆಯೋ, ಅಥವಾ ತೆಗೆದು ನಮ್ಮ ಕೈಗೆ ಕೊಡಬಹುದಾದ ಕ್ಯಾಸೆಟ್ಟು, ಕಾರ್ಡುಗಳ ಮೇಲೆ ಬರೆಯುತ್ತದೆಯೋ? 2005ರ ಸುಮಾರಿಗೆ ಇದು ಕೇವಲ ಅನುಕೂಲದ ಪ್ರಶ್ನೆಯಾಗಿ ಕಂಡಿತ್ತು. ಎರಡು ದಶಕಗಳು ಕಳೆದ ಮೇಲೆ ನೋಡಿದರೆ, ಯಾವ ಮನೆಯಲ್ಲಿ ಅಜ್ಜಿಯ ದನಿ ಉಳಿದಿದೆ, ಯಾವ ಮನೆಯಲ್ಲಿ ಉಳಿದಿಲ್ಲ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸಿದ್ದು ಇದೇ ಪ್ರಶ್ನೆ ಎಂದು ನನಗೆ ತೋರುತ್ತದೆ.

ಕನ್ನಡ ಕಲಿಸಿ ನಿವೃತ್ತನಾದವನಿಗೆ ಈ ಯಂತ್ರಗಳ ಗೊಡವೆ ಏಕೆ ಎಂದು ಕೆಲವರಿಗೆ ಅನ್ನಿಸಬಹುದು. ಗೊಡವೆ ಉಂಟು. ಎಂ.ಎ. ತರಗತಿಯಲ್ಲಿ ನಾವು ಗ್ರಂಥಸಂಪಾದನೆಯನ್ನು ಓದಿದವರು. ಪಂಪನ ಆದಿಪುರಾಣ ಕ್ರಿ.ಶ. 941ರದು. ಅವನ ಕೈಯಿಂದ ಬರೆದ ಒಂದು ಗರಿಯೂ ನಮಗೆ ಉಳಿದುಬಂದಿಲ್ಲ. ಉಳಿದುಬಂದದ್ದು ಪ್ರತಿ, ಪ್ರತಿಯ ಪ್ರತಿ, ಅದರ ಪ್ರತಿ. ಓಲೆ ಗಟ್ಟಿಯಾಗಿತ್ತೆಂದು ಕಾವ್ಯ ಉಳಿಯಲಿಲ್ಲ. ಓಲೆಯ ಕಟ್ಟನ್ನು ಬಗಲಲ್ಲಿಟ್ಟುಕೊಂಡು ಒಂದು ಊರಿನಿಂದ ಇನ್ನೊಂದು ಊರಿಗೆ ಒಯ್ಯಬಹುದಾಗಿತ್ತು. ಒಯ್ದಲ್ಲಿ ಒಬ್ಬ ಲಿಪಿಕಾರ ಕುಳಿತು ನಕಲು ತೆಗೆಯಬಹುದಾಗಿತ್ತು. ಇಷ್ಟೇ ಅದರ ಗುಟ್ಟು. ಅದೇ ಕಾವ್ಯವನ್ನು ಗವಿಯೊಳಗಿನ ಬಂಡೆಯ ಮೇಲೆ ಕೊರೆದು, ಗವಿಯ ಬಾಯಿಗೆ ಬೀಗ ಹಾಕಿ, ಕೀಲಿಕೈಯನ್ನು ಒಬ್ಬನ ಸೊಂಟಕ್ಕೆ ಕಟ್ಟಿದ್ದರೆ ಏನಾಗುತ್ತಿತ್ತು ಎಂಬುದನ್ನು ಊಹಿಸಿಕೊಳ್ಳಬಹುದು.

ಓಲೆಗಿಂತ ಹಳೆಯದಾದ ಉಗ್ರಾಣ ಇನ್ನೊಂದಿದೆ. ಅದು ಮನುಷ್ಯನ ಕಂಠ. ನಾನಿರುವ ನೆಲದ ಸಂಪತ್ತೆಲ್ಲ ಬಹುಕಾಲ ಅಲ್ಲಿಯೇ ಇತ್ತು. ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರೂ ಘಟಪ್ರಭೆಯ ನೀರುಂಡ ತಾಲೂಕುಗಳು. ಮೂಡಲಗಿ ತೀರ ಇತ್ತೀಚಿನವರೆಗೂ ಗೋಕಾಕ ತಾಲೂಕಿನೊಳಗೇ ಇತ್ತು. ಆ ಹಳೆಯ ಗೋಕಾಕ ತಾಲೂಕಿನ ಕುಲಗೋಡದ ತಮ್ಮಣ್ಣನವರು ಶ್ರೀಕೃಷ್ಣ ಪಾರಿಜಾತವೆಂಬ ಆಟಕ್ಕೆ ಹೊಸ ರಂಗರೂಪ ಕೊಟ್ಟರು. ಕೌಜಲಗಿ ನಿಂಗಮ್ಮನವರು ಅದನ್ನು ಊರೂರಿಗೆ ಒಯ್ದು ಮನೆಮಾತಾಗಿಸಿದರು. ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರ ನಾಟಕಗಳಿಗೆ ಬಯಲಾಟದ ಕಸುವು ಬಂದದ್ದೂ ಇದೇ ಹೊಳೆಯ ದಂಡೆಯಿಂದ. ಬೆಟಗೇರಿ ಕೃಷ್ಣಶರ್ಮರು ಇಂಥ ಕಂಠಗಳ ಮುಂದೆ ಕುಳಿತು ಜನಪದ ಗೀತೆಗಳನ್ನು ಕಾಗದಕ್ಕೆ ಇಳಿಸಿದರು. ಕಾಗದಕ್ಕೆ ಮಾತು ಇಳಿಯಿತು, ದನಿ ಇಳಿಯಲಿಲ್ಲ. ಭಾಗವತ ಯಾವ ಪದವನ್ನು ಎಷ್ಟು ಎಳೆದ, ದೂತಿ ಯಾವ ಮಾತಿಗೆ ಕತ್ತು ಕೊಂಕಿಸಿದಳು, ಎಲ್ಲಿ ಜನ ನಕ್ಕರು, ಇವೆಲ್ಲ ಕಲಾವಿದನ ಮೈಯೊಳಗೇ ಉಳಿದವು. ಕಂಠಪಾಠದ ಈ ಸಂಪತ್ತು ಬಿಚ್ಚಿ ತೆಗೆಯಬಹುದಾದದ್ದಲ್ಲ. ಶಿಷ್ಯನಿಗೆ ನಕಲು ಮಾಡಿಕೊಡುವ ಮೊದಲೇ ಯಂತ್ರ ನಿಂತರೆ, ಒಳಗಿದ್ದದ್ದೂ ಅದರೊಡನೆಯೇ ಹೋಯಿತು.

ದನಿಯನ್ನೂ ಆಕಾರವನ್ನೂ ಒಟ್ಟಿಗೆ ಹಿಡಿಯುವ ಯಂತ್ರ ಸಾಮಾನ್ಯರ ಕೈಗೆ ಬಂದದ್ದು 1980ರ ದಶಕದಲ್ಲಿ. ಜಪಾನಿನ ಜೆ.ವಿ.ಸಿ. ಕಂಪನಿ ವಿ.ಎಚ್.ಎಸ್. ಕ್ಯಾಸೆಟ್ಟನ್ನು 1976ರಲ್ಲಿ ಹೊರತಂದಿತ್ತು. ಸೋನಿ ಕಂಪನಿಯ ಬೀಟಾಮೂವಿ 1983ರಲ್ಲಿ ಬಂದಿತು; ಕ್ಯಾಮೆರಾ ಮತ್ತು ಮುದ್ರಣಯಂತ್ರ ಎರಡೂ ಒಂದೇ ಪೆಟ್ಟಿಗೆಯಲ್ಲಿ ಅಡಗಿದ, ಮನೆಬಳಕೆಗೆಂದೇ ಮಾಡಿದ ಮೊದಲ ಸಾಧನ ಅದು. ಅದರದೊಂದು ಸ್ವಾರಸ್ಯವಿದೆ. ಅದು ಬರೆಯಬಲ್ಲುದಾಗಿತ್ತು, ಬರೆದದ್ದನ್ನು ಓದಿ ತೋರಿಸಲಾರದಾಗಿತ್ತು. ಕ್ಯಾಸೆಟ್ಟನ್ನು ಹೊರಗೆ ತೆಗೆದು ಬೇರೆ ಯಂತ್ರಕ್ಕೆ ಹಾಕಿಯೇ ನೋಡಬೇಕು. ಎಂದರೆ ಈ ಕುಲದ ಮೂಲಪುರುಷನಲ್ಲಿ ಕಣ್ಣು ಬೇರೆ, ನೆನಪು ಬೇರೆ ಎಂಬ ವಿಭಾಗ ಅಷ್ಟು ಸ್ಪಷ್ಟವಾಗಿತ್ತು.

ನಮ್ಮ ಕಡೆಗೆ ವಿಡಿಯೊ ಬಂದದ್ದು ಲಗ್ನದ ಹಂದರದ ದಾರಿಯಿಂದ. ಹೆಗಲ ಮೇಲೆ ನೊಗದಂತೆ ಕ್ಯಾಮೆರಾ ಹೊತ್ತವನೊಬ್ಬ, ಅವನ ಹಿಂದೆ ಕಣ್ಣು ಕೋರೈಸುವ ದೀಪ ಹಿಡಿದವನೊಬ್ಬ, ವಾಯರು ಎಳೆಯುವ ಹುಡುಗನೊಬ್ಬ. ಅಕ್ಕಿಕಾಳು ಹಾಕುವ ಗಳಿಗೆಯಲ್ಲಿ ಬೀಗರಿಗೆ ವಧೂವರರು ಕಾಣದೆ ಈ ಮೂವರ ಬೆನ್ನೇ ಕಾಣುತ್ತಿತ್ತು. ಹುಕ್ಕೇರಿ ಭಾಗದ ಹಳ್ಳಿಗಳಿಗೆ ವಿದ್ಯುತ್ತನ್ನು ಒಯ್ದದ್ದು 1969ರಲ್ಲಿ ಸ್ಥಾಪನೆಯಾದ, ರೈತರದೇ ಆದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ಆ ಸಂಘದ ತಂತಿಯೇ ಇಂಥ ದೀಪಗಳಿಗೂ ಆಧಾರ. ಲಗ್ನ ಮುಗಿದ ಹದಿನೈದು ದಿನಕ್ಕೆ ಸ್ಟುಡಿಯೊದವನು ಒಂದು ಕ್ಯಾಸೆಟ್ಟು ತಂದುಕೊಡುತ್ತಿದ್ದ. ಮೂರು ಗಂಟೆಯ ಆ ಕರಿಯ ಇಟ್ಟಿಗೆ ಕಪಾಟಿನಲ್ಲಿ ಪಂಚಾಂಗದ ಪಕ್ಕದಲ್ಲಿ ಕೂರುತ್ತಿತ್ತು.

ಕ್ಯಾಸೆಟ್ಟಿನೊಳಗೆ ಇರುವುದು ಪ್ಲಾಸ್ಟಿಕ್ಕಿನ ಉದ್ದನೆಯ ಪಟ್ಟಿ, ಅದರ ಮೇಲೆ ಅಂಟಿನಲ್ಲಿ ಕಲಸಿ ಬಳಿದ ಕಾಂತೀಯ ಪುಡಿ. 1995ರಲ್ಲಿ ಬಂದ ಡಿ.ವಿ. ಪದ್ಧತಿಯಲ್ಲಿ ಆ ಪಟ್ಟಿಯ ಅಗಲ ಕಾಲು ಅಂಗುಲ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಮಿನಿ ಡಿ.ವಿ. ಕ್ಯಾಸೆಟ್ಟಿನಲ್ಲಿ ಅಂಥ ಪಟ್ಟಿ ಅರವತ್ತು ಮೀಟರಿಗೂ ಮಿಕ್ಕು ಸುತ್ತಿಕೊಂಡಿರುತ್ತದೆ. ಒಂದು ಗಂಟೆಯ ದೃಶ್ಯ ಅದರಲ್ಲಿ ಹಿಡಿಯುತ್ತದೆ. ಇಂದಿನ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 13 ಗಿಗಾಬೈಟ್. ಹಳೆಯ ವಿ.ಎಚ್.ಎಸ್.ಗೂ ಇದಕ್ಕೂ ಇದ್ದ ಭೇದ ನಮ್ಮಂಥವರಿಗೆ ಬೇಗ ಅರ್ಥವಾಗುವಂಥದು. ವಿ.ಎಚ್.ಎಸ್.ನಲ್ಲಿ ಒಂದರಿಂದ ಇನ್ನೊಂದನ್ನು ತೆಗೆದಂತೆ ಚಿತ್ರ ಕೆಡುತ್ತ ಹೋಗುತ್ತದೆ. ಮೂರನೆಯ ತಲೆಮಾರಿನ ನಕಲಿನಲ್ಲಿ ಮದುಮಗಳ ಮುಖ ಮಂಜಿನೊಳಗಿನಿಂದ ಇಣುಕಿದಂತಿರುತ್ತದೆ. ಲಿಪಿಕಾರರ ಸ್ಖಾಲಿತ್ಯವೂ ಹೀಗೆಯೇ ಬೆಳೆಯುವುದಲ್ಲವೆ? ಡಿ.ವಿ.ಯಲ್ಲಿ ಬರೆದದ್ದು ಅಂಕೆಗಳು; ಅಂಕೆಗಳನ್ನು ಅಂಕೆಗಳಾಗಿಯೇ ನಕಲು ಮಾಡಿದರೆ ಹತ್ತನೆಯ ಪ್ರತಿಯೂ ಮೊದಲನೆಯದರ ತದ್ರೂಪ. ದೋಷವಿಲ್ಲದ ಲಿಪಿಕಾರ ಕೊನೆಗೂ ಹುಟ್ಟಿದ ಎನ್ನಬೇಕು.

ಕ್ಯಾಸೆಟ್ಟಿಗೆ ಒಂದು ದೊಡ್ಡ ಕೊರತೆ ಇತ್ತು. ಪಾರಿಜಾತ ಇರುಳಿಡೀ ನಡೆಯುವ ಆಟ. ಗಂಟೆಗೊಮ್ಮೆ ಕ್ಯಾಸೆಟ್ಟು ಮುಗಿಯುತ್ತದೆ. ಹಳೆಯದನ್ನು ತೆಗೆದು, ಹೊಸದರ ಕಾಗದ ಹರಿದು, ಒಳಗೆ ಕೂರಿಸಿ, ಮತ್ತೆ ಗುಂಡಿ ಒತ್ತುವ ಹೊತ್ತಿಗೆ ಸತ್ಯಭಾಮೆಯ ಒಂದು ಪದ ಅರ್ಧ ದಾಟಿರುತ್ತದೆ. ಕಲಾವಿದರು ಕ್ಯಾಸೆಟ್ಟಿಗಾಗಿ ಕಾಯುವವರಲ್ಲ, ಕಾಯಲೂ ಬಾರದು. ಇನ್ನು 2000ದ ಆಚೀಚೆ ಬಂದ ಪುಟ್ಟ ಡಿ.ವಿ.ಡಿ. ತಟ್ಟೆಯ ಕ್ಯಾಮೆರಾಗಳ ವಿಷಯ ಹೆಚ್ಚು ಹೇಳಬೇಕಾದ್ದಿಲ್ಲ. ಎಂಟು ಸೆಂಟಿಮೀಟರಿನ ಆ ತಟ್ಟೆಗೆ ಹಿಡಿಯುವುದು 1.4 ಗಿಗಾಬೈಟ್, ಒಳ್ಳೆಯ ಗುಣಮಟ್ಟದಲ್ಲಿ ಸುಮಾರು ಇಪ್ಪತ್ತು ನಿಮಿಷ. ನಾಂದಿ ಮುಗಿಯುವುದರೊಳಗೆ ತಟ್ಟೆ ಮುಗಿಯುತ್ತಿತ್ತು.

ಇಂಥ ಹೊತ್ತಿನಲ್ಲಿ ಹಾರ್ಡ್ ಡಿಸ್ಕ್ ಬಂದಿತು. ಜೆ.ವಿ.ಸಿ. ಕಂಪನಿ 2004ರಲ್ಲಿ ಎವೆರಿಯೊ ಎಂಬ ಕ್ಯಾಮೆರಾಗಳನ್ನು ಹೊರತಂದಾಗ, ಅವುಗಳಲ್ಲಿ ಇದ್ದದ್ದು 4 ಗಿಗಾಬೈಟಿನ ಒಂದು ಅಂಗುಲದ ಚಿಕ್ಕ ಡಿಸ್ಕು. ಅದನ್ನು ಹೊರಗೆ ತೆಗೆಯಬಹುದಾಗಿತ್ತು. ಮರುವರ್ಷವೇ ಅದನ್ನು ಬಿಟ್ಟು, 20, 30 ಗಿಗಾಬೈಟಿನ ಡಿಸ್ಕನ್ನು ಒಳಗೇ ಕೂರಿಸಿದರು. 2006ರಲ್ಲಿ ಸೋನಿಯವರೂ ಹಾಗೆಯೇ ಮಾಡಿದರು. ಮೊದಲು ತೆಗೆಯಬಹುದಾಗಿದ್ದದ್ದು ಆಮೇಲೆ ತೆಗೆಯಲಾಗದ್ದಾಯಿತು ಎಂಬುದು ಗಮನಿಸತಕ್ಕ ಸಂಗತಿ. ಕಾರಣ ಸರಳ: ಹಲವು ಪಟ್ಟು ಹೆಚ್ಚು ಜಾಗ ತೋರಿಸಬಹುದಾಗಿತ್ತು. ಕೊಳ್ಳುವವನಿಗೂ ಅದೇ ಬೇಕಾಗಿತ್ತು. 30 ಗಿಗಾಬೈಟಿನಲ್ಲಿ ಒಳ್ಳೆಯ ಗುಣಮಟ್ಟದ ಏಳು ಗಂಟೆ. ಇರುಳು ಹತ್ತಕ್ಕೆ ಗುಂಡಿ ಒತ್ತಿದರೆ ಬೆಳಗಿನ ಐದಕ್ಕೆ ಮಂಗಳಾರತಿಯ ತನಕ ಒಂದು ಪದವೂ ತಪ್ಪುವಂತಿಲ್ಲ. ಕ್ಯಾಸೆಟ್ಟು ಕೊಳ್ಳುವ ಖರ್ಚಿಲ್ಲ, ಬದಲಿಸುವ ಗಡಿಬಿಡಿ ಇಲ್ಲ.

ಈ ಡಿಸ್ಕು ಎಂಬುದು ಕನ್ನಡಿಯಂತೆ ನುಣುಪಾದ ಒಂದು ತಟ್ಟೆ, ಮೇಲೆ ಕಾಂತೀಯ ಲೇಪ. ಕ್ಯಾಮೆರಾದಲ್ಲಿ ಕೂರಿಸುತ್ತಿದ್ದದ್ದು ಬಹುಮಟ್ಟಿಗೆ 1.8 ಅಂಗುಲದ್ದು, ನಿಮಿಷಕ್ಕೆ ಸುಮಾರು ನಾಲ್ಕು ಸಾವಿರ ಸಲ ಸುತ್ತುವಂಥದು. ಬರೆಯುವ ತಲೆ ತಟ್ಟೆಯನ್ನು ಮುಟ್ಟುವುದಿಲ್ಲ. ಸುತ್ತುವ ರಭಸಕ್ಕೆ ಎದ್ದ ಗಾಳಿಯ ಪದರದ ಮೇಲೆ ತೇಲುತ್ತದೆ. ಆ ಅಂತರ ತಲೆಗೂದಲ ದಪ್ಪದ ಸಾವಿರಾರು ಪಾಲುಗಳಲ್ಲಿ ಒಂದು ಪಾಲು. ತಲೆ ತಟ್ಟೆಗೆ ತಗುಲಿದರೆ ಗೆರೆ ಬಿದ್ದು, ಆ ಗೆರೆಯ ಮೇಲಿದ್ದದ್ದೆಲ್ಲ ಅಳಿಯುತ್ತದೆ. ಇಂಥ ನಾಜೂಕು ವಸ್ತುವನ್ನು ಕೈಯಲ್ಲಿ ಹಿಡಿದು ಓಡಾಡುವ ಯಂತ್ರದಲ್ಲಿ ಇಟ್ಟದ್ದು ಸಾಹಸವೇ ಸರಿ. ಅದಕ್ಕೆಂದೇ ಬೀಳುವುದನ್ನು ಅರಿಯುವ ಒಂದು ಗ್ರಾಹಕವನ್ನು ಒಳಗೆ ಇಟ್ಟಿದ್ದರು. ಕೈಜಾರಿದ ಕ್ಯಾಮೆರಾ ನೆಲ ಮುಟ್ಟುವುದರೊಳಗೆ ಅದು ತಲೆಯನ್ನು ಪಕ್ಕಕ್ಕೆ ಸರಿಸಿ ನಿಲ್ಲಿಸುತ್ತಿತ್ತು. ಗಾಳಿ ತೆಳುವಾದ ಎತ್ತರದ ಬೆಟ್ಟಗಳಲ್ಲಿ ಬಳಸಬೇಡಿರೆಂದು ಕೈಪಿಡಿಯಲ್ಲಿ ಎಚ್ಚರಿಕೆ ಇರುತ್ತಿತ್ತು, ತಲೆ ತೇಲುವುದೇ ಗಾಳಿಯ ಮೇಲಾದುದರಿಂದ. ನಮ್ಮಲ್ಲಿ ಅಷ್ಟು ಎತ್ತರದ ಬೆಟ್ಟವಿಲ್ಲ. ಆದರೆ ಜಾತ್ರೆಯಲ್ಲಿ ಎದೆಗೂಡನ್ನೇ ನಡುಗಿಸುವ ಡಾಲ್ಬಿ ಇದೆ. ಡಿಸ್ಕಿಗೆ ನಡುಕವೂ ಆಗದು.

ಆದರೆ ನನ್ನ ದೃಷ್ಟಿಯಲ್ಲಿ ಬೀಳುವುದು, ನಡುಗುವುದು ದೊಡ್ಡ ಅಪಾಯಗಳಲ್ಲ. ದೊಡ್ಡ ಅಪಾಯ ಬೇರೆ ಕಡೆ ಇತ್ತು. ಅದನ್ನು ಒಂದು ನಿದರ್ಶನದಿಂದ ಹೇಳುತ್ತೇನೆ.

2008ರ ಬೇಸಗೆಯಲ್ಲಿ ಮೂಡಲಗಿ ಸಮೀಪದ ಒಂದು ಹಳ್ಳಿಯಲ್ಲಿ ಪಾರಿಜಾತ ಇತ್ತು. ಭಾಗವತನ ಪಾತ್ರಕ್ಕೆ ಬಂದವರು ಎಪ್ಪತ್ತು ದಾಟಿದ ಒಬ್ಬ ಹಿರಿಯರು. ನಮ್ಮ ನೆಂಟರ ಹುಡುಗನೊಬ್ಬ ಪುಣೆಯಲ್ಲಿ ನೌಕರಿ ಮಾಡುತ್ತಿದ್ದವನು, ಹಾರ್ಡ್ ಡಿಸ್ಕ್ ಕ್ಯಾಮೆರಾವನ್ನು ತಂದು ಮೂರುಕಾಲಿನ ಮೇಲೆ ನಿಲ್ಲಿಸಿ, ಇರುಳಿಡೀ ಆಟವನ್ನು ಹಿಡಿದ. ಎಲ್ಲರೂ ಸಂತೋಷಪಟ್ಟೆವು. ಮುಂದಿನ ತಿಂಗಳು ಅವನ ತಂದೆತಾಯಿ ಕಾಶಿಯಾತ್ರೆಗೆ ಹೊರಟರು. ಕ್ಯಾಮೆರಾ ಜೊತೆಗೆ ಹೋಗಬೇಕು. ಹೋಗಬೇಕಾದರೆ ಜಾಗ ಖಾಲಿ ಇರಬೇಕು. ಮನೆಯ ಕಂಪ್ಯೂಟರಿನಲ್ಲಿ ಅಷ್ಟು ಸ್ಥಳವಿಲ್ಲ. ಇರುಳಿನ ಆಟವನ್ನು ಅಳಿಸಿದರು. ಅದರಲ್ಲಿ ಯಾರ ದುರುದ್ದೇಶವೂ ಇರಲಿಲ್ಲ. ಯಂತ್ರವೇ ಕೇಳಿತು, ಇವರು ಕೊಟ್ಟರು.

ಮುಂದೆ ಎರಡು ವರ್ಷಕ್ಕೆ ಆ ಹಿರಿಯರು ತೀರಿಕೊಂಡರು. ಅವರ ಮಕ್ಕಳು ನನ್ನಲ್ಲಿಗೆ ಬಂದು, ಅಂದಿನ ರಾತ್ರಿಯದು ಏನಾದರೂ ಸಿಕ್ಕೀತೇ ಎಂದು ವಿಚಾರಿಸಿದರು. ಅಷ್ಟರಲ್ಲಿ ಕ್ಯಾಮೆರಾ ಹೊತ್ತಿಕೊಳ್ಳುತ್ತಿರಲಿಲ್ಲ. ಕಂಪ್ಯೂಟರಿಗೆ ಜೋಡಿಸಲು ಆ ಮಾದರಿಗೆ ತನ್ನದೇ ಒಂದು ಪೀಠ ಬೇಕು, ಅದು ಮನೆ ಬದಲಿಸುವಾಗ ಕಳೆದಿತ್ತು. ಬೆಳಗಾವಿಯ ಒಬ್ಬ ಕುಶಲಿ ಕ್ಯಾಮೆರಾದ ಮೈ ಬಿಚ್ಚಿ ಡಿಸ್ಕನ್ನು ಹೊರತೆಗೆದ. ಅದರ ತುದಿಯಲ್ಲಿದ್ದದ್ದು ಸಾಮಾನ್ಯ ವಾಯರಲ್ಲ, ಕಾಗದದಷ್ಟು ತೆಳುವಾದ ರಿಬ್ಬನ್ನು. ಅದಕ್ಕೆ ತಕ್ಕ ಜೋಡಣೆಯನ್ನು ಮುಂಬಯಿಯಿಂದ ತರಿಸಬೇಕಾಯಿತು.

ಇಲ್ಲೊಂದು ಸೂಕ್ಷ್ಮವನ್ನು ವಿವರಿಸಬೇಕು. ಡಿಸ್ಕಿನಲ್ಲಿ 'ಅಳಿಸು' ಎಂದರೆ ಅಳಿಸಿದಂತಲ್ಲ. ಪುಸ್ತಕದ ಪರಿವಿಡಿಯನ್ನು ಹರಿದುಹಾಕಿ, ಒಳಗಿನ ಪುಟಗಳನ್ನು ಹಾಗೆಯೇ ಬಿಟ್ಟಂತೆ. ಆ ಪುಟಗಳು ಖಾಲಿ ಎಂದು ಯಂತ್ರ ತಿಳಿಯುತ್ತದೆ. ಹೊಸದನ್ನು ಅವುಗಳ ಮೇಲೆ ಬರೆಯುತ್ತದೆ. ಬರೆಯುವವರೆಗೆ ಹಳೆಯದು ಅಲ್ಲಿಯೇ ಇರುತ್ತದೆ. ಆದುದರಿಂದ ಕಾಶಿಯ ಘಟ್ಟಗಳು ಎಷ್ಟು ಜಾಗವನ್ನು ಆಕ್ರಮಿಸಿದ್ದವೋ ಅಷ್ಟು ಪಾರಿಜಾತ ಹೋಗಿತ್ತು, ಮಿಕ್ಕದ್ದು ಉಳಿದಿತ್ತು. ಏಳು ಗಂಟೆಯಲ್ಲಿ ಸುಮಾರು ನಾಲ್ಕೂವರೆ ಗಂಟೆ ಕೈಗೆ ಬಂದಿತು. ಬಂದದ್ದು ಚೂರುಚೂರಾಗಿ, ಹೆಸರಿಲ್ಲದೆ, ಕ್ರಮವಿಲ್ಲದೆ, ಬರೀ ಸಂಖ್ಯೆಗಳನ್ನು ಹೊತ್ತು. ದಾರ ಕಡಿದು ಗರಿಗಳು ಕಲೆತುಹೋದ ಓಲೆಯ ಕಟ್ಟನ್ನು ಹೊಂದಿಸುವುದು ಹೇಗೆಂದು ನಮ್ಮ ಗುರುಗಳು ಕಲಿಸಿದ್ದರು. ಆ ವಿದ್ಯೆ ಇಲ್ಲಿ ಉಪಯೋಗಕ್ಕೆ ಬಂದಿತು. ನಾರದ ಹೂವು ತಂದದ್ದು ಮೊದಲು, ಅದು ರುಕ್ಮಿಣಿಗೆ ಸಂದದ್ದು ಅನಂತರ, ಭಾಮೆಯ ಮುನಿಸು ಆಮೇಲೆ, ಕೊರವಂಜಿ ಬೆಳಗಿನ ಜಾವಕ್ಕೆ. ಹೀಗೆ ಕಥೆಯ ಜಾಡು ಹಿಡಿದು, ಅದು ಸಾಲದಾದಲ್ಲಿ ಹಿನ್ನೆಲೆಯ ಗ್ಯಾಸ್‌ಬತ್ತಿಯ ಬೆಳಕನ್ನೂ ಮುಂದಿನ ಸಾಲಿನಲ್ಲಿ ನಿದ್ದೆಹೋದ ಮಕ್ಕಳನ್ನೂ ಗುರುತು ಹಿಡಿದು, ಎಂಟು ದಿನಗಳಲ್ಲಿ ಕ್ರಮಕ್ಕೆ ತಂದೆವು. ಕ್ಯಾಮೆರಾ ಹೊಸದನ್ನು ಮೊದಲ ಪುಟದಿಂದಲೇ ಬರೆಯಲು ತೊಡಗಿತ್ತಾದ್ದರಿಂದ ಹೋದದ್ದು ಆಟದ ಮೊದಲ ಭಾಗ. ಆ ಹಿರಿಯರು ಹೆಸರಾಗಿದ್ದದ್ದು ಭಾಗವತ-ಗೊಲ್ಲತಿಯರ ಸಂವಾದಕ್ಕೆ. ಅದು ಮೊದಲ ಭಾಗದಲ್ಲಿಯೇ ಬರುತ್ತದೆ.

ನಾನು ದೊಡ್ಡ ಅಪಾಯ ಎಂದದ್ದು ಇದನ್ನೇ. ಕ್ಯಾಸೆಟ್ಟಿನ ಕಾಲದಲ್ಲಿ ಇಡುವುದು ಸಹಜ, ಅಳಿಸುವುದು ಯತ್ನ. ಮುಗಿದ ಕ್ಯಾಸೆಟ್ಟನ್ನು ಹೊರಗೆ ತೆಗೆಯುತ್ತೀರಿ. ತೆಗೆದದ್ದು ತಾನಾಗಿಯೇ ಒಂದು ಮೂಲಪ್ರತಿಯಾಗಿ ಕಪಾಟು ಸೇರುತ್ತದೆ. ಯಾರೂ ಅದನ್ನು ರಕ್ಷಿಸಬೇಕೆಂದು ಸಂಕಲ್ಪ ಮಾಡಬೇಕಾಗಿಲ್ಲ. ಒಳಗೇ ಕೂರಿಸಿದ ಡಿಸ್ಕಿನಲ್ಲಿ ಇದು ತಿರುಗುಮುರುಗಾಯಿತು. ಅಳಿಸುವುದು ಸಹಜವಾಯಿತು, ಇಡುವುದು ಯತ್ನವಾಯಿತು. ಮುಂದಿನ ಚಿತ್ರ ತೆಗೆಯಬೇಕಾದರೆ ಹಿಂದಿನದನ್ನು ಹೊರಹಾಕಲೇಬೇಕು. ನಕಲು ಮಾಡಿ ಅಳಿಸುವವನು ಉಳಿಸಿಕೊಂಡ. ನಾಳೆ ಮಾಡಿದರಾಯಿತು ಎಂದವನು ಕಳೆದುಕೊಂಡ. ನಾಳೆ ಎನ್ನುವವರ ಸಂಖ್ಯೆ ಯಾವ ಕಾಲಕ್ಕೂ ಹೆಚ್ಚು.

ಕ್ಯಾಸೆಟ್ಟಿನ ಮೇಲೆ ಯಾರೂ ಮರುಮುದ್ರಣ ಮಾಡುತ್ತಿರಲಿಲ್ಲವೇ ಎಂದರೆ, ಮಾಡುತ್ತಿದ್ದರು. ತಂಗಿಯ ಲಗ್ನದ ಮೇಲೆ ಕುಸ್ತಿಯ ಸಿನಿಮಾ ಹಿಡಿದ ಅಣ್ಣಂದಿರನ್ನು ನಾನು ಬಲ್ಲೆ. ಆದರೆ ಅದಕ್ಕೊಂದು ತಡೆ ಇತ್ತು. ವಿ.ಎಚ್.ಎಸ್. ಕ್ಯಾಸೆಟ್ಟಿನ ಬೆನ್ನಿನ ಮೂಲೆಯಲ್ಲಿ ಉಗುರಗಲದ ಒಂದು ಪ್ಲಾಸ್ಟಿಕ್ ಚಕ್ಕೆ. ಅದನ್ನು ಮುರಿದುಬಿಟ್ಟರೆ ಆ ಕ್ಯಾಸೆಟ್ಟಿನ ಮೇಲೆ ಯಾವ ಯಂತ್ರವೂ ಬರೆಯುವುದಿಲ್ಲ. ಮಿನಿ ಡಿ.ವಿ.ಯಲ್ಲಿ ಮುರಿಯುವ ಬದಲು ಸರಿಸುವ ಅಗುಳಿ, ಇಂದಿನ ಎಸ್.ಡಿ. ಕಾರ್ಡಿನ ಪಕ್ಕದಲ್ಲಿಯೂ ಅಂಥದೇ ಒಂದು ಅಗುಳಿ ಉಂಟು. ಕೂರಿಸಿದ ಡಿಸ್ಕಿಗೆ ಹೊರಗೆ ಮೈಯೇ ಇಲ್ಲವಾದ್ದರಿಂದ ಅಗುಳಿ ಎಲ್ಲಿ ಹಾಕುವುದು? ಅದೇ ರೀತಿ, ಹೆಸರು ಬರೆಯಲು ಬೆನ್ನೂ ಇಲ್ಲ. ಕ್ಯಾಸೆಟ್ಟಿನ ಬೆನ್ನಿನ ಚೀಟಿಯ ಮೇಲೆ ಯಾರ ಲಗ್ನ, ಯಾವ ಊರು, ಯಾವ ತಿಥಿ ಎಂದು ಬರೆದಿರುತ್ತಿತ್ತು. ಓಲೆಗರಿಯ ಕೊನೆಯಲ್ಲಿ ಲಿಪಿಕಾರ ತನ್ನ ಹೆಸರು, ಸಂವತ್ಸರ, ಊರು ಕಾಣಿಸುವಂತೆ. ಆ ಒಂದು ಸಾಲಿನಿಂದ ನಮ್ಮ ಸಂಶೋಧಕರು ಎಷ್ಟು ಕೆಲಸ ಮಾಡಿದ್ದಾರೆಂಬುದು ಓದುಗರಿಗೆ ಹೊಸತಲ್ಲ.

ಹೊರತೆಗೆಯುವ ವಸ್ತುವಿನ ಮೇಲೆ ಬರೆದದ್ದಕ್ಕೆ ಒಂದು ಒಳ್ಳೆಯ ಉದಾಹರಣೆ ನಮ್ಮ ಕರಾವಳಿಯಲ್ಲಿಯೇ ಇದೆ. 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಅವರು ನಮ್ಮ ವಿದ್ವಾಂಸರೊಡನೆ ಸೇರಿ ಗೋಪಾಲ ನಾಯ್ಕರು ಹಾಡಿದ ತುಳುವಿನ ಸಿರಿ ಮಹಾಕಾವ್ಯವನ್ನು ಆರು ದಿನಗಳಲ್ಲಿ ಧ್ವನಿಯಲ್ಲಿಯೂ ವಿಡಿಯೊದಲ್ಲಿಯೂ ಹಿಡಿದರು. ಅದು 15,683 ಸಾಲುಗಳ ಪುಸ್ತಕವಾಗಿ ಬಂದದ್ದು 1998ರಲ್ಲಿ. ನಡುವಿನ ಏಳೆಂಟು ವರ್ಷಗಳಲ್ಲಿ ಆ ಟೇಪುಗಳನ್ನು ಮತ್ತೆ ಮತ್ತೆ ತಿರುಗಿಸಿ ಕೇಳುವ ಕೆಲಸ ನಡೆಯಿತು. ಮುದ್ರಿಸಿದ ಯಂತ್ರಗಳು ಈಗ ಯಾವ ಮೂಲೆ ಸೇರಿವೆಯೋ, ಅದರಿಂದ ಕಾವ್ಯಕ್ಕೆ ಬಾಧಕವಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಕ್ಯಾಸೆಟ್ಟು ಅಮರವೆಂದು ಯಾರೂ ತಿಳಿಯಬಾರದು. ಟೇಪಿನ ಅಂಟು ಗಾಳಿಯ ತೇವವನ್ನು ಕುಡಿದು ಜಿಗುಟಾಗುತ್ತದೆ. ಮಳೆಗಾಲದಲ್ಲಿ ಬಿಳಿಯ ಬೂಸು ಹತ್ತುತ್ತದೆ. ಬೂಸು ಹತ್ತಿದ ಟೇಪನ್ನು ಯಂತ್ರಕ್ಕೆ ಹಾಕಿದರೆ ಯಂತ್ರದ ತಲೆಯೂ ಕೆಡುತ್ತದೆ, ಅದರ ಮೂಲಕ ಮುಂದಿನ ಟೇಪಿಗೂ ರೋಗ ದಾಟುತ್ತದೆ. ಇದಕ್ಕಿಂತ ದೊಡ್ಡ ತೊಡಕು, ಓದುವ ಯಂತ್ರವೇ ಸಿಗದಿರುವುದು. ವಿ.ಎಚ್.ಎಸ್. ಯಂತ್ರಗಳನ್ನು ಕೊನೆಯವರೆಗೆ ಮಾಡುತ್ತಿದ್ದ ಜಪಾನಿನ ಫುನಾಯಿ ಕಂಪನಿ 2016ರಲ್ಲಿ ಕೈಬಿಟ್ಟಿತು. ಯುನೆಸ್ಕೊ ಸಂಸ್ಥೆ ಧ್ವನಿ-ದೃಶ್ಯ ಸಂಗ್ರಹಾಲಯಗಳವರ ಸಂಘದೊಡನೆ 2019ರಲ್ಲಿ ಜಗತ್ತಿಗೆಲ್ಲ ಒಂದು ಎಚ್ಚರಿಕೆ ಕೊಟ್ಟು, 2025ರ ಸುಮಾರಿಗೆ ಟೇಪಿನಲ್ಲಿರುವುದನ್ನು ಹೊರತೆಗೆಯುವ ಅವಕಾಶ ಬಹುಮಟ್ಟಿಗೆ ಮುಚ್ಚಿಹೋಗುವುದೆಂದು ತಿಳಿಸಿತು. ಆ ಗಡುವು ಬಂದೇಬಿಟ್ಟಿದೆ. ಕಪಾಟಿನಲ್ಲಿ ಕ್ಯಾಸೆಟ್ಟು ಇಟ್ಟುಕೊಂಡವರು, ಓದುವ ಯಂತ್ರ ಊರಿನಲ್ಲಿ ಒಂದಾದರೂ ಇರುವಾಗಲೇ ನಕಲು ಮಾಡಿಸಿಕೊಳ್ಳಬೇಕು. ಒಂದು ಗಂಟೆಯ ಟೇಪಿಗೆ ಒಂದು ಗಂಟೆಯೇ ಬೇಕು. ಅವಸರ ಮಾಡಿದರೆ ಆಗದು.

2019ರ ಆಗಸ್ಟ್ ತಿಂಗಳನ್ನು ನಮ್ಮ ಭಾಗದವರು ಮರೆಯುವಂತಿಲ್ಲ. ಹಿಡಕಲ್ ಜಲಾಶಯದಿಂದ ಬಿಟ್ಟ ನೀರಿಗೆ ಹಿರಣ್ಯಕೇಶಿ, ಮಾರ್ಕಂಡೇಯ ಹೊಳೆಗಳು ಸೇರಿ ಘಟಪ್ರಭೆ ಉಕ್ಕಿತು. ಲೋಳಸೂರ ಸೇತುವೆ ಮುಳುಗಿತು, ಗೋಕಾಕದ ನದೀತೀರದ ಓಣಿಗಳಲ್ಲಿ ನೀರು ಮನೆಯೊಳಗೆ ನುಗ್ಗಿತು. ನೀರಿಳಿದ ಮೇಲೆ ಮಾಳಿಗೆಗಳ ಮೇಲೆ ಹಾಸಿಗೆ, ಜೋಳದ ಚೀಲಗಳ ಜೊತೆಗೆ ಫೋಟೋ ಆಲ್ಬಮ್ಮುಗಳು, ಕ್ಯಾಸೆಟ್ಟುಗಳು, ಕ್ಯಾಮೆರಾಗಳು ಬಿಸಿಲಿಗೆ ಹರಡಿದ್ದವು. ನೆನೆದ ಟೇಪಿಗೆ ಬಿಸಿಲು ಶತ್ರು. ಕೆಸರನ್ನು ಶುದ್ಧ ನೀರಿನಿಂದ ಮೆಲ್ಲನೆ ತೊಳೆದು, ನೆರಳಿನಲ್ಲಿ ಒಣಗಿಸಿ, ಒಣಗುವ ಮೊದಲು ಯಾವ ಕಾರಣಕ್ಕೂ ಯಂತ್ರಕ್ಕೆ ಹಾಕದೆ ಬಲ್ಲವರ ಕೈಗೆ ಕೊಡಬೇಕು. ನೆನೆದ ಹಾರ್ಡ್ ಡಿಸ್ಕಿಗೆ ವಿದ್ಯುತ್ ಕೊಟ್ಟು 'ನಡೆಯುತ್ತದೆಯೇ ನೋಡೋಣ' ಎಂದರೆ ಅದೇ ಅದರ ಕೊನೆ. ಒಳಗೆ ಹೊಕ್ಕ ರಾಡಿ ತಲೆಯನ್ನೂ ತಟ್ಟೆಯನ್ನೂ ಒಟ್ಟಿಗೆ ಉಜ್ಜುತ್ತದೆ. ಕ್ಯಾಮೆರಾದೊಳಗಿನ ಡಿಸ್ಕಿನ ವಿಷಯದಲ್ಲಿ ಜನ ಮಾಡುತ್ತಿದ್ದದ್ದು ಬಹಳ ಮಟ್ಟಿಗೆ ಅದನ್ನೇ, ಏಕೆಂದರೆ ಒಳಗೊಂದು ಡಿಸ್ಕು ಇದೆ ಎಂಬುದೇ ಹಲವರಿಗೆ ತಿಳಿದಿರಲಿಲ್ಲ. ಆಶ್ಚರ್ಯವೆಂದರೆ ಚೆನ್ನಾಗಿ ತಾಳಿಕೊಂಡವು ಉಗುರಿನಷ್ಟು ಸಣ್ಣ ಮೆಮೊರಿ ಕಾರ್ಡುಗಳು. ಅವುಗಳಲ್ಲಿ ಸುತ್ತುವ ತಟ್ಟೆಯಿಲ್ಲ, ತೇಲುವ ತಲೆಯಿಲ್ಲ. ಸಿಲಿಕಾನ್ ಚೂರಿನೊಳಗೆ ಹಿಡಿದಿಟ್ಟ ವಿದ್ಯುದಂಶ ಮಾತ್ರ. ತೊಳೆದು ಪೂರ್ಣ ಒಣಗಿಸಿದ ಮೇಲೆ ಹಲವು ಮತ್ತೆ ಓದಿಸಿಕೊಂಡವು.

ಪೈಪೋಟಿಯಲ್ಲಿ ಕೊನೆಗೆ ಗೆದ್ದದ್ದೂ ಕಾರ್ಡೇ. 2006ರ ಎಸ್.ಡಿ.ಎಚ್.ಸಿ. ಕಾರ್ಡಿನಲ್ಲಿ 32 ಗಿಗಾಬೈಟಿನವರೆಗೆ ಹಿಡಿಯುವ ಏರ್ಪಾಟಾಯಿತು. ಬೆಲೆ ಇಳಿದಂತೆ 2010ರ ದಶಕದ ಮೊದಲ ವರ್ಷಗಳಲ್ಲಿ ಹಾರ್ಡ್ ಡಿಸ್ಕಿನ ಕ್ಯಾಮೆರಾಗಳು ಅಂಗಡಿಯಿಂದ ಮರೆಯಾದವು. ಒಟ್ಟು ಏಳೆಂಟು ವರ್ಷಗಳ ಬಾಳು. ಆದರೆ ಆ ಏಳೆಂಟು ವರ್ಷಗಳಲ್ಲಿ ಹುಟ್ಟಿದ ಮಕ್ಕಳ ತೊದಲು ನುಡಿ, ಆ ವರ್ಷಗಳಲ್ಲಿ ತೀರಿಕೊಂಡ ಹಿರಿಯರ ಕಡೆಯ ಮಾತು ಎಷ್ಟೋ ಮನೆಗಳಲ್ಲಿ ಇಂದಿಗೂ ಹೊತ್ತಿಕೊಳ್ಳದ ಒಂದು ಕ್ಯಾಮೆರಾದೊಳಗೆ ಸಿಕ್ಕಿಕೊಂಡಿವೆ. ಅಂಥದು ಮನೆಯಲ್ಲಿದ್ದರೆ ದಯವಿಟ್ಟು ಹಳೆಯ ಸಾಮಾನಿನವನಿಗೆ ಕೊಡಬೇಡಿರಿ. ಕ್ಯಾಮೆರಾ ಸತ್ತಿದ್ದರೂ ಡಿಸ್ಕು ಬದುಕಿರುವುದುಂಟು.

ಕಾರ್ಡಿನಲ್ಲಿಯೂ ದೋಷವಿಲ್ಲದಿಲ್ಲ. ಅದು ಜೇಬಿನ ತೂತಿನಿಂದ ಜಾರುತ್ತದೆ; ವಿದ್ಯುತ್ ಕಾಣದೆ ವರ್ಷಗಟ್ಟಲೆ ಬಿದ್ದಿದ್ದರೆ ಹಿಡಿದಿಟ್ಟದ್ದು ಸೋರಿಹೋಗಬಹುದು; ಹೆಸರು ಬರೆಯುವಷ್ಟು ಸ್ಥಳ ಅದರ ಮೈಮೇಲಿಲ್ಲ. ಇನ್ನು ಇಂದಿನ ಫೋನುಗಳ ಕಡೆ ನೋಡಿದರೆ ಚಕ್ರ ಪೂರ್ತಿ ತಿರುಗಿದೆ. ಮೊದಮೊದಲು ಕಾರ್ಡಿಗೆ ಕಿಂಡಿ ಇಟ್ಟಿದ್ದ ಹಲವು ತಯಾರಕರು ಬೆಲೆಬಾಳುವ ಮಾದರಿಗಳಲ್ಲಿ ಅದನ್ನು ಮುಚ್ಚಿಬಿಟ್ಟಿದ್ದಾರೆ. ಮತ್ತೆ ಹೊಟ್ಟೆಯೊಳಗಿನ ನೆನಪು, ಮತ್ತೆ 'ಜಾಗವಿಲ್ಲ' ಎಂಬ ಸೂಚನೆ, ಮತ್ತೆ ಅಳಿಸುವಿಕೆ. ಕಳೆದ ವರ್ಷ ಒಂದು ಪಾರಿಜಾತದಲ್ಲಿ ನನ್ನ ಮುಂದೆ ಇಪ್ಪತ್ತಕ್ಕೂ ಮಿಕ್ಕು ಫೋನುಗಳು ಎದ್ದು ನಿಂತಿದ್ದವು. ಒಂದೊಂದರಲ್ಲಿ ಎರಡೆರಡು ನಿಮಿಷ. ಇರುಳಿಡೀ ಹಿಡಿದವನು ಮೇಳದವರು ಕರೆಸಿದ್ದ ಸ್ಟುಡಿಯೊದ ಹುಡುಗನೊಬ್ಬನೇ. ಕಾರ್ಡಿನ ಕ್ಯಾಮೆರಾ ಅವನದು, ಒಂದಾದ ಮೇಲೊಂದು ನಾಲ್ಕು ಕಾರ್ಡು ತುಂಬಿದ್ದ. ಬೆಳಗಾದ ಮೇಲೆ ಚಹದ ಅಂಗಡಿಯಲ್ಲಿ ಅವನನ್ನು ಕೇಳಿದೆ, ಇವುಗಳನ್ನು ಏನು ಮಾಡುತ್ತೀ ಎಂದು.

"ಪೆನ್‌ಡ್ರೈವಿಗೆ ಹಾಕಿ ಮೇಳದವ್ರಿಗೆ ಕೊಡತೀನ್ರೀ ಸರ. ಕಾರ್ಡು ಖಾಲಿ ಮಾಡಬೇಕಲ್ರೀ, ಬರೋ ಐತವಾರ ಹುಕ್ಕೇರ್ಯಾಗ ಲಗ್ನ ಐತಿ."

ಮೇಳದವರು ಆ ನಾಲ್ಕು ಕಾರ್ಡುಗಳನ್ನೇ ಕೊಂಡುಕೊಂಡರೆ ಎಷ್ಟಾಗುತ್ತದೆ ಎಂದು ವಿಚಾರಿಸಿದೆ. ಅವನು ಬೆರಳು ಮಡಚಿ ಲೆಕ್ಕ ಹೇಳಿದ. ಹಂದರಕ್ಕೆ ಕಟ್ಟಿದ್ದ ಹೂವಿನ ದುಡ್ಡಿಗಿಂತ ಅದು ಕಡಿಮೆಯೇ ಇತ್ತು. ಮೇಳದ ಹಿರಿಯರನ್ನು ಕರೆದು ಅಲ್ಲಿಯೇ ಮಾತು ಮುಗಿಸಿದೆವು. ನಾಲ್ಕು ಕಾರ್ಡುಗಳನ್ನು ಒಂದು ಲಕೋಟೆಗೆ ಹಾಕಿ, ಮೇಲೆ ಊರು, ತಿಥಿ, ಭಾಗವತ-ಗೊಲ್ಲತಿಯರ ಪಾತ್ರಧಾರಿಗಳ ಹೆಸರು ಬರೆದು ಅವರ ಕೈಗೆ ಕೊಟ್ಟೆ.